ಮಟ್ಟವಾದ ಮೈ ಮನೆಯಲ್ಲೇ ಇದೆ

ಸಾಣೆಕಲ್ಲು ಚಾಕುವನ್ನು ಸವೆಸುತ್ತದೆ, ಚಾಕು ಕಲ್ಲನ್ನೂ ಸವೆಸುತ್ತದೆ. ನಾವು ಉಜ್ಜುವುದು ಜಾಸ್ತಿ ನಡುವಿನಲ್ಲೇ ಆದ್ದರಿಂದ ಕಲ್ಲಿನ ನಡುಭಾಗ ತಗ್ಗಾಗುತ್ತ ಹೋಗುತ್ತದೆ. ಚಾಕುವಿಗೆ ಇದು ಹೇಗೋ ನಡೆದೀತು. ಬಡಗಿಯ ಉಳಿಗೆ ನಡೆಯುವುದಿಲ್ಲ. ತಗ್ಗುಬಿದ್ದ ಕಲ್ಲಿನ ಮೇಲೆ ಉಜ್ಜಿದರೆ ಉಳಿಯ ಬೆನ್ನು ಉಬ್ಬುತ್ತದೆ.

ಕಲ್ಲನ್ನು ಸರಿಮಾಡಲು ಅದಕ್ಕಿಂತ ಮಟ್ಟವಾದ ಮೈ ಬೇಕು. ಮರದ ಮೇಜು ತೇವಕ್ಕೆ ಸೊಟ್ಟಗಾಗುತ್ತದೆ. ಟೈಲ್ಸ್ ಸುಡುವಾಗಲೇ ಕೊಂಚ ಬಾಗಿರಬಹುದು. ನುಣುಪಾಗಿದೆ ಅಂದ ಮಾತ್ರಕ್ಕೆ ಮಟ್ಟವಾಗಿದೆ ಅಂತಲ್ಲ. ಚಮಚವೂ ನುಣುಪೇ ಅಲ್ವಾ?

ನನ್ನ ಮತ ಕಿಟಕಿ ಗಾಜಿಗೆ. ಹಿಂದೆ ಒಳ್ಳೆಯ ಗಾಜು ಬೇಕೆಂದರೆ ಎರಡೂ ಮೈ ಅರೆದು ಪಾಲಿಶ್ ಮಾಡಬೇಕಿತ್ತು. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ ಬೇರೆ ದಾರಿ ಹಿಡಿದರು. ಅವರ ವಿಧಾನ 1959ರಲ್ಲಿ ಹೊರಬಂತು. ಕರಗಿದ ಗಾಜನ್ನು ಕರಗಿದ ತವರದ ಮೇಲೆ ಹರಿಯಬಿಟ್ಟರು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಸುಮಾರು 600 ಡಿಗ್ರಿಗೆ ಗಾಜು ಎತ್ತುವಷ್ಟು ಗಟ್ಟಿಯಾಗುತ್ತದೆ, ತವರ ಮಾತ್ರ ಇನ್ನೂ ನೀರಾಗೇ ಇರುತ್ತದೆ. ನಿಂತ ದ್ರವದ ಮೈಯನ್ನು ಗುರುತ್ವವೇ ಮಟ್ಟ ಮಾಡುತ್ತದೆ, ಗಾಜು ಅದನ್ನೇ ಪಡೆಯುತ್ತದೆ. ಈಗಿನ ಸಾಮಾನ್ಯ ಕಿಟಕಿ ಗಾಜು, ಕನ್ನಡಿ ಎಲ್ಲ ಹೀಗೇ ಆಗುವುದು.

ಆದರೆ ಗಾಜು ಬಾಗುತ್ತದೆ. ತೆಳು ಗಾಜಿನ ಕೆಳಗೆ ಒಂದು ಕಸ ಸಿಕ್ಕಿ, ನೀವು ಮೇಲಿಂದ ಒತ್ತಿದರೂ ಸಾಕು. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಬಿಗಿ ಎಂಟು ಪಟ್ಟಾಗುತ್ತದೆ. ಹಾಗಾಗಿ 3 ಮಿ.ಮೀ. ಗಾಜಿಗಿಂತ 6 ಅಥವಾ 10 ಮಿ.ಮೀ. ಗಾಜು ಎಷ್ಟೋ ಮೇಲು. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಬೇಡ. ಅದನ್ನು ಮತ್ತೆ ಕಾಯಿಸಿ ರೋಲರ್‌ಗಳ ಮೇಲೆ ಸಾಗಿಸುವಾಗ ಸಣ್ಣ ಅಲೆಗಳು ಉಳಿಯುತ್ತವೆ.

ಗಾಜಿನ ಚೂಪು ಅಂಚನ್ನು ಮೊದಲೇ ಉಜ್ಜಿ ಮೊಂಡು ಮಾಡಿಕೊಳ್ಳಿ. ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಸಿದರೆ ಅದು ಅಂಟಿ ಕೂರುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಅಡ್ಡ, ಉದ್ದ ಗೆರೆ ಎಳೆದು ಆ ಪೇಪರಿನ ಮೇಲೆ ಉಜ್ಜಿ. ನಡುವಿನ ಗೆರೆ ಕೊನೆಗೆ ಅಳಿಸುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಗಾಜೇ ಇಲ್ಲದಿದ್ದರೆ? ಎರಡು ಕಲ್ಲನ್ನು ಒಂದರ ಮೇಲೊಂದು ಉಜ್ಜಿದರೆ ಸಾಲದು. ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಚೆನ್ನಾಗಿ ಹೊಂದಿಕೊಂಡುಬಿಡಬಹುದು. ಮೂರನೆಯದು ಬಂದರೆ ಈ ಆಟ ನಡೆಯುವುದಿಲ್ಲ. ಉಬ್ಬಿದ ಎರಡು ಕಲ್ಲು ಒಂದಕ್ಕೊಂದು ಕೂರಲಾರವು. ಜೋಡಿ ಬದಲಿಸುತ್ತ, ದಿಕ್ಕು ಬದಲಿಸುತ್ತ ಉಜ್ಜಿದರೆ ಮೂರೂ ಮಟ್ಟಕ್ಕೆ ಬರಲೇಬೇಕು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ವಿವರಿಸಿದ್ದು ಇದೇ ತರ್ಕವನ್ನು. ಅವರು ಲೋಹದ ಫಲಕಗಳನ್ನು ಉಜ್ಜುವ ಬದಲು ಕೆರೆದು ಸರಿಮಾಡುತ್ತಿದ್ದರು. ಕಲ್ಲುಗಳಾದರೆ ಪ್ರತಿ ಸಲವೂ ತೊಳೆಯಿರಿ. ಒರಟು ಕಲ್ಲಿನ ಒಂದೇ ಕಣ ನಯವಾದ ಕಲ್ಲಿನಲ್ಲಿ ಸಿಕ್ಕಿಕೊಂಡರೆ, ಆಮೇಲೆ ಪ್ರತಿ ಚಾಕುವಿನ ಮೇಲೂ ಗೀರು ಬೀಳುತ್ತದೆ.