ರಿಸಲ್ಟ್ ಬರಲಿ ಮೇಡಂ, ಆಮೇಲೆ ನೋಡೋಣ

ಚುನಾವಣೆ ದಿನಾಂಕ ಘೋಷಣೆಯಾದ ವಾರ, ಜನರ ಹೂಡಿಕೆ ನೋಡಿಕೊಳ್ಳುವ ನಮ್ಮ ಆಫೀಸಿಗೆ ಬರುವ ಫೋನ್‌ಗಳಲ್ಲಿ ಒಂದೇ ಮಾತು. "ಸದ್ಯಕ್ಕೆ ಎಸ್‌ಐಪಿ ನಿಲ್ಲಿಸಿಬಿಡಿ ಮೇಡಂ. ರಿಸಲ್ಟ್ ಬರಲಿ, ಆಮೇಲೆ ನೋಡೋಣ." (ಎಸ್‌ಐಪಿ ಅಂದರೆ ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ ಹಾಕುವ ದುಡ್ಡು.) ರಾಜಾಜಿನಗರದ ಡಾಕ್ಟರೂ ಇದನ್ನೇ ಹೇಳುತ್ತಾರೆ, ಪೀಣ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡವರೂ ಇದನ್ನೇ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಮೊದಲೆಲ್ಲ ತಾಳ್ಮೆಯಿಂದ ವಿವರಿಸುತ್ತಿದ್ದೆ. ಈಗ ಮೊದಲು ಕಾಫಿ ತರಿಸುತ್ತೇನೆ.

ಯಾರು ಗೆಲ್ಲುತ್ತಾರೆ ಅನ್ನುವುದು ಮುಖ್ಯವೇ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಗೆದ್ದವರು ಯಾರೆಂದು ಗೊತ್ತಾದ ಮೇಲೆ ದುಡ್ಡು ಹಾಕಿದರೆ ಸೇಫ್ ಅನ್ನುವ ಲೆಕ್ಕ ಇದೆಯಲ್ಲ, ಅದು ತಪ್ಪು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗಿದ್ದೀರಾ? ಶುಕ್ರವಾರ ಹಬ್ಬ ಅಂತ ನಿಮಗೂ ಗೊತ್ತು, ಹೂವಿನವಳಿಗೂ ಗೊತ್ತು. ಹಾಗಾಗಿ ಕನಕಾಂಬರದ ಬೆಲೆ ಗುರುವಾರ ಬೆಳಗ್ಗೆಯೇ ಏರಿ ಕೂತಿರುತ್ತದೆ. "ಹಬ್ಬ ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು" ಅಂದರೆ ಅವಳೇನು ಒಂದು ಮೊಳ ಜಾಸ್ತಿ ಕೊಡುತ್ತಾಳಾ? ರಾತ್ರಿ ಮಳೆ ಸುರಿದು ಹೂವಿನ ಗಾಡಿ ಬರದಿದ್ದರೆ ಬೆಲೆ ಇನ್ನೂ ಏರುತ್ತದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಹೂ ಬಂದುಬಿಟ್ಟರೆ ಹಬ್ಬದ ದಿನವೇ ಮಧ್ಯಾಹ್ನಕ್ಕೆ ಕೇಳುವವರಿಲ್ಲ. ಎಲ್ಲರೂ ಅಂದುಕೊಂಡದ್ದು ಒಂದು, ನಡೆದದ್ದು ಇನ್ನೊಂದು. ಬೆಲೆ ಅಲ್ಲಾಡುವುದು ಆ ನಡುವಿನ ಅಂತರಕ್ಕೆ.

ಷೇರುಪೇಟೆಯೂ ಹಾಗೆಯೇ. 2024 ನೋಡಿ. ಜೂನ್ 1ರ ಶನಿವಾರ ಸಂಜೆ ಎಕ್ಸಿಟ್ ಪೋಲ್ ಬಂತು, ಎನ್‌ಡಿಎಗೆ ಭಾರಿ ಬಹುಮತ ಅಂದಿತು. ಸೋಮವಾರ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,507 ಅಂಶ ಏರಿತು. ಮಂಗಳವಾರ ಎಣಿಕೆ. ಬಿಜೆಪಿ 240ಕ್ಕೆ ನಿಂತಿತು, ಎನ್‌ಡಿಎಗೆ 293 ಬಂತು. ಅಂದರೆ ಇದ್ದ ಸರ್ಕಾರವೇ ವಾಪಸ್ ಬಂತು. ಆದರೂ ಸೆನ್ಸೆಕ್ಸ್ ಅವತ್ತು 4,390 ಅಂಶ ಬಿತ್ತು! ಗೆಲ್ಲುವವರು ಯಾರು ಅಂತ ಸರಿಯಾಗಿ ಊಹಿಸಿದವನೂ ಅವತ್ತು ಕಳೆದುಕೊಂಡ. ಶುಕ್ರವಾರ ಸಂಜೆಗೆ ಅದೇ ಸೆನ್ಸೆಕ್ಸ್ 76,693ರಲ್ಲಿತ್ತು, ಸೋಮವಾರಕ್ಕಿಂತ ಮೇಲೆ.

ಆ ಮಂಗಳವಾರ ಮಧ್ಯಾಹ್ನ ಜಯನಗರದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. "ಎಲ್ಲಾ ತೆಗೆದುಬಿಟ್ಟೆನಮ್ಮಾ. ಈಗ ನೆಮ್ಮದಿ." ಆ್ಯಪ್‌ನಲ್ಲಿ ತಾವೇ ಒತ್ತಿಬಿಟ್ಟಿದ್ದರು. ಮೂರು ಗಂಟೆಯೊಳಗೆ ಒತ್ತಿದ್ದರಿಂದ ಅದೇ ದಿನದ ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ಬೆಲೆ) ಸಿಕ್ಕಿತು, ಆ ವಾರದ ಅತಿ ಕೆಟ್ಟ ಬೆಲೆ. ಲಾಭದ ಮೇಲೆ ತೆರಿಗೆ ಬೇರೆ. ಆ ದುಡ್ಡು ಮೊಮ್ಮಗಳ ಇಂಜಿನಿಯರಿಂಗ್‌ಗೆ. ಅವಳಿನ್ನೂ ಆರನೇ ಕ್ಲಾಸು.

ಬೈಯಲು ನನಗೂ ಬಾಯಿಲ್ಲ. 2004ರ ಲೋಕಸಭೆ ಚುನಾವಣೆ ಫಲಿತಾಂಶದ ಬೆನ್ನಲ್ಲೇ, ಮೇ 17ರಂದು ಸೆನ್ಸೆಕ್ಸ್ 564 ಅಂಶ ಬಿದ್ದು, ವಹಿವಾಟು ಎರಡು ಸಲ ನಿಂತಾಗ ನಾನು ಒಂದು ಬ್ರೋಕರ್ ಆಫೀಸಿನಲ್ಲಿ ಟ್ರೈನಿ. ಸಂಬಳ ಉಳಿಸಿ ಕೊಂಡಿದ್ದ ನಾಲ್ಕು ಷೇರನ್ನು ಅವತ್ತೇ ಮಾರಿದೆ. ಅವತ್ತು 4,505ಕ್ಕೆ ಮುಗಿದ ಸೆನ್ಸೆಕ್ಸ್ ವರ್ಷದ ಕೊನೆಗೆ 6,602. ಯಾವ ಷೇರು ಅಂತ ಮಾತ್ರ ಕೇಳಬೇಡಿ.

2009ರಲ್ಲಿ ಉಲ್ಟಾ ಆಯಿತು. ಫಲಿತಾಂಶದ ನಂತರದ ಸೋಮವಾರ, ಮೇ 18ರಂದು ಮಾರುಕಟ್ಟೆ ತೆರೆದ ಕೂಡಲೇ ಅಪ್ಪರ್ ಸರ್ಕ್ಯೂಟ್, ಅಂದರೆ ಏರಿಕೆಯ ಮಿತಿ ಮುಟ್ಟಿ ವಹಿವಾಟು ನಿಂತಿತು. ಎರಡು ಗಂಟೆ ನಿಲ್ಲಿಸಿ ಮತ್ತೆ ತೆರೆದರೆ ಮತ್ತೆ ಸರ್ಕ್ಯೂಟ್. ಶೇ. 17 ಏರಿ ಅಂಗಡಿ ಮುಚ್ಚಿತು. ರಿಸಲ್ಟ್ ನೋಡಿ ಕೊಳ್ಳೋಣ ಅಂತ ಕಾದಿದ್ದವರಿಗೆ ಅವತ್ತು ಕೊಳ್ಳಲು ಪುರುಸೊತ್ತೇ ಸಿಗಲಿಲ್ಲ.

ಇನ್ನು ಸೀಟು ಲೆಕ್ಕದ ಗಲಾಟೆಯಲ್ಲಿ ಯಾರೂ ನೋಡದ ಸಂಗತಿಗಳಿವೆ. 2014ರ ಚುನಾವಣೆಗೆ ಮೊದಲು ನಮಗೆ ಪೆಟ್ಟು ಬಿದ್ದದ್ದು ಅಮೆರಿಕದಿಂದ. 2013ರ ಮೇನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಾಂಡ್ ಖರೀದಿ ಕಡಿಮೆ ಮಾಡುವ ಸುಳಿವು ಕೊಟ್ಟಿತು, ಡಾಲರ್ ವಾಪಸ್ ಓಡಿತು. ನಮ್ಮ ಚಾಲ್ತಿ ಖಾತೆ ಕೊರತೆ (ಆಮದು ಮುಂತಾದವಕ್ಕೆ ಹೋಗುವ ಡಾಲರ್, ರಫ್ತು ಮುಂತಾದವುಗಳಿಂದ ಬರುವುದಕ್ಕಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ) ಹಿಂದಿನ ವರ್ಷ ಜಿಡಿಪಿಯ ಶೇ. 4.8 ಇತ್ತು. ಆಗಸ್ಟ್‌ನಲ್ಲಿ ಡಾಲರ್ 68 ರೂಪಾಯಿ ದಾಟಿತು. ಬ್ರೆಜಿಲ್, ಟರ್ಕಿ, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ ಜೊತೆ ನಮ್ಮನ್ನೂ 'ಬಡಕಲು ಐದು' (ಫ್ರಜೈಲ್ ಫೈವ್) ಸಾಲಿಗೆ ಸೇರಿಸಿದರು. ಪೀಣ್ಯದ ನನ್ನ ಕ್ಲೈಂಟ್ ಒಬ್ಬರು ಹೊರದೇಶದಿಂದ ಬಿಡಿಭಾಗ ತರಿಸುತ್ತಿದ್ದರು. ದಿನಾ ರಾತ್ರಿ ಟಿವಿ ಚರ್ಚೆ ನೋಡುತ್ತಿದ್ದ ಮನುಷ್ಯ ಡಾಲರ್ ನೋಡಿರಲಿಲ್ಲ.

ಚುನಾವಣೆ ಹೊತ್ತಿನ ಬೆಲೆಗಳನ್ನಂತೂ ನಾನು ಪೂರ್ತಿ ನಂಬುವುದಿಲ್ಲ. 2018ರಲ್ಲಿ ಕರ್ನಾಟಕದ ಮತದಾನಕ್ಕೆ ಮೊದಲು ಪೆಟ್ರೋಲ್ ಬೆಲೆ 19 ದಿನ ಅಲುಗಲಿಲ್ಲ. ಮತದಾನ ಮುಗಿದು ಎರಡೇ ದಿನಕ್ಕೆ ಮತ್ತೆ ಏರತೊಡಗಿತು. 2024ರ ಮಾರ್ಚ್‌ನಲ್ಲಿ ದಿನಾಂಕ ಘೋಷಣೆಗೆ ಮುಂಚೆ ಕೇಂದ್ರ 2 ರೂಪಾಯಿ ಇಳಿಸಿತು, ಜೂನ್‌ನಲ್ಲಿ ಎಣಿಕೆ ಮುಗಿದ ಮೇಲೆ ರಾಜ್ಯ ಸುಮಾರು 3 ರೂಪಾಯಿ ಏರಿಸಿತು. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ಅದೇ ಜುಲೈ 23ರ ಬಜೆಟ್‌ನಲ್ಲಿ ಷೇರಿನ ದೀರ್ಘಾವಧಿ ಲಾಭದ ತೆರಿಗೆ ಶೇ. 10ರಿಂದ 12.5 ಆಯಿತು. ಅದರ ಬಗ್ಗೆ ಮುಂಚೆ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಸೀಟು ಎಷ್ಟು ಅಂತ.

ಒಂದು ಎಚ್ಚರಿಕೆ. ಬಿದ್ದದ್ದೆಲ್ಲ ಮೂರೇ ದಿನದಲ್ಲಿ ಏಳುತ್ತದೆ ಅಂತ ಓದಿಕೊಳ್ಳಬೇಡಿ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. ಮುಂದಿನ ವರ್ಷದ ಮದುವೆ ದುಡ್ಡನ್ನು ಷೇರಿನಲ್ಲಿ ಇಟ್ಟಿದ್ದವರು ನಮ್ಮ ಆಫೀಸಿನಲ್ಲೇ ಕೂತು ಅತ್ತಿದ್ದಾರೆ. ಎರಡು ಮೂರು ವರ್ಷದೊಳಗೆ ಬೇಕಾದ ದುಡ್ಡು ಚುನಾವಣೆ ಇರಲಿ ಬಿಡಲಿ, ಅಲ್ಲಿರಬಾರದು. ಹತ್ತು ವರ್ಷದ ದುಡ್ಡಿನ ಮಾತು ಬೇರೆ. ನಿಮ್ಮ ಸಾಲ, ವಯಸ್ಸು, ಮನೆಯ ಖರ್ಚು ನೋಡದೆ ಇದಕ್ಕಿಂತ ಜಾಸ್ತಿ ಹೇಳುವುದು ಸರಿಯಲ್ಲ. ನಿಮ್ಮನ್ನು ಬಲ್ಲವರ ಹತ್ತಿರ ಕೂತು ಮಾತಾಡಿ.

ಮೇಷ್ಟ್ರು ಆ ಶನಿವಾರ ಆಫೀಸಿಗೆ ಬಂದರು, ಕೈಯಲ್ಲಿ ಒಂದು ಪೊಟ್ಟಣ ಕೋಡುಬಳೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ವಾಪಸ್ ಹಾಕೋಣ್ವೇನಮ್ಮಾ?" ಅಂದರು. ಒಂದೇ ಸಲ ಬೇಡ ಸರ್, ಆರು ತಿಂಗಳಲ್ಲಿ ಹಂಚಿ ಹಾಕೋಣ ಅಂದೆ. ಸಹಿ ಹಾಕುತ್ತಾ ಪೆನ್ನು ನಿಲ್ಲಿಸಿ ಕೇಳಿದರು:

"ಅಷ್ಟರೊಳಗೆ ಕಾರ್ಪೊರೇಷನ್ ಎಲೆಕ್ಷನ್ ಬಂದರೆ?"

ಪಾಲಿಕೆಯ ಅವಧಿ ಮುಗಿದು ಆಗಲೇ ನಾಲ್ಕು ವರ್ಷವಾಗುತ್ತಾ ಬಂದಿತ್ತು. "ಸಹಿ ಹಾಕಿ ಸರ್" ಅಂದೆ.