ಮೂರರಲ್ಲಿ ಒಂದು ಸಲ ಕ್ಷಮೆ

1755ರ ನವೆಂಬರ್ 1. ಪೋರ್ಚುಗಲ್‌ನ ಲಿಸ್ಬನ್ ನಗರದ ಚರ್ಚುಗಳು ಹಬ್ಬದ ಪ್ರಾರ್ಥನೆಗೆ ಬಂದವರಿಂದ ತುಂಬಿದ್ದವು. ಭೂಮಿ ಅದುರಿತು. ಆಮೇಲೆ ಸಮುದ್ರ ಉಕ್ಕಿತು, ಬೆಂಕಿಯೂ ಹತ್ತಿಕೊಂಡಿತು. ಸತ್ತವರು ಹತ್ತಾರು ಸಾವಿರ. ಮರುವರ್ಷ ಮಾಲಗ್ರಿಡಾ ಎಂಬ ಪಾದ್ರಿ, ಇದೆಲ್ಲ ಊರಿನ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದು ಒಂದು ಕಿರುಪುಸ್ತಕವನ್ನೇ ಬರೆದ. ಹಾಗಿದ್ದರೆ ಪ್ರಾರ್ಥನೆಗೆ ಬಂದವರ ತಲೆ ಮೇಲೇ ಚಾವಣಿ ಬಿದ್ದಿದ್ದು ಯಾಕೆ? ಈಗಲೂ ಎಲ್ಲಾದರೂ ಭೂಕಂಪ ಆದರೆ ಯಾರಾದರೊಬ್ಬರು ಇದೇ ರಾಗ ತೆಗೆಯುತ್ತಾರೆ. ನನಗೆ ರೇಗುತ್ತದೆ. ಬಂಡೆಗೆ ಪಾಪವೂ ಗೊತ್ತಿಲ್ಲ, ಪುಣ್ಯವೂ ಗೊತ್ತಿಲ್ಲ.

ಇದರ ಎದುರು ತುದಿಯವರೂ ಕಡಿಮೆ ಇಲ್ಲ. ಪರಮಾಣುವಿನಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಇಲ್ಲ, ಹಾಗಾಗಿ ಅದೆಲ್ಲ ಸುಮ್ನೆ ಮನುಷ್ಯರ ಕಲ್ಪನೆ, ಅವರವರ ಭಾವಕ್ಕೆ ಬಿಟ್ಟಿದ್ದು ಅನ್ನುತ್ತಾರೆ. ಪರಮಾಣುವಿನಲ್ಲಿ ಕೆಂಪು ಬಣ್ಣವೂ ಇಲ್ಲ. ಹಾಗಂತ ಕೆಂಪನ್ನು ನೀಲಿಯಾಗಿ ನೋಡುತ್ತೇನೆ ಅಂತ ಹಟ ಹಿಡಿದರೆ ಆಗುತ್ತದೆಯೇ? ಚೆಸ್ ಆಟದ ನಿಯಮ ಮಾಡಿದ್ದೂ ಮನುಷ್ಯರೇ. ಆದರೂ ಎದುರಾಳಿಯ ಒಂಟಿ ರಾಜನನ್ನು ಬರೀ ರಾಜ ಮತ್ತು ಒಂದು ಕುದುರೆ ಇಟ್ಟುಕೊಂಡು ಚೆಕ್‌ಮೇಟ್ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಹಾಗಂತ ಯಾರೂ ಕಾನೂನು ಮಾಡಿಲ್ಲ. ಆಟದ ಹೊಟ್ಟೆಯೊಳಗಿಂದಲೇ ಅದು ಹುಟ್ಟಿತು. ಒಳಿತು, ಕೆಡುಕುಗಳೂ ಈ ಜಾತಿಯವೇ ಎಂದು ನನ್ನ ನಂಬಿಕೆ.

ಇದಕ್ಕೆ ನನ್ನ ಅಚ್ಚುಮೆಚ್ಚಿನ ಸಾಕ್ಷಿ ಒಂದು ಕಂಪ್ಯೂಟರ್ ಪಂದ್ಯ. 1980ರ ಹೊತ್ತಿಗೆ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ನಡೆಸಿದ್ದು. ಇಬ್ಬರು ಆಟಗಾರರು. ಪ್ರತಿ ಸುತ್ತಿನಲ್ಲೂ ಕೈಜೋಡಿಸಬಹುದು, ಇಲ್ಲವೇ ಕೈಕೊಡಬಹುದು. ಇಬ್ಬರೂ ಕೈಜೋಡಿಸಿದರೆ ತಲಾ 3 ಅಂಕ. ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬ ನಂಬಿ ಇನ್ನೊಬ್ಬ ಕೈಕೊಟ್ಟರೆ ಮೋಸಗಾರನಿಗೆ 5, ನಂಬಿದವನಿಗೆ ಸೊನ್ನೆ. ಒಂದೇ ಸುತ್ತಿನ ಆಟವಾದರೆ ಮೋಸವೇ ಲಾಭ. ಆದರೆ ಇಲ್ಲಿ 200 ಸುತ್ತು.

ಪಂಡಿತರು 14 ಪ್ರೋಗ್ರಾಂಗಳನ್ನು ಕಳಿಸಿದರು. ಕೆಲವು ಭಾರೀ ಕಿಲಾಡಿ. ಗೆದ್ದದ್ದು ಮಾತ್ರ ಎಲ್ಲಕ್ಕಿಂತ ಚಿಕ್ಕದು, ಅನತೋಲ್ ರಾಪೊಪೋರ್ಟ್ ಕಳಿಸಿದ ಟಿಟ್ ಫಾರ್ ಟ್ಯಾಟ್. ನಮ್ಮ ಮಾತಿನಲ್ಲಿ ಮುಯ್ಯಿಗೆ ಮುಯ್ಯಿ. ಮೊದಲು ಕೈಜೋಡಿಸು, ಆಮೇಲೆ ಎದುರಾಳಿ ಹಿಂದಿನ ಸುತ್ತಿನಲ್ಲಿ ಏನು ಮಾಡಿದನೋ ಅದನ್ನೇ ಮಾಡು. ಅಷ್ಟೇ.

ಲೆಕ್ಕ ಹಾಕಿ ನೋಡಿ. ಯಾವಾಗಲೂ ಮೋಸ ಮಾಡುವವನಿಗೆ ಇದರೆದುರು ಮೊದಲ ಸುತ್ತಿನಲ್ಲಿ 5, ಉಳಿದ 199 ಸುತ್ತಿಗೆ ಒಂದೊಂದು. ಒಟ್ಟು 204. ಮುಯ್ಯಿಯವನಿಗೆ 199. ಅಂದರೆ ಸೋತ! ಇವನು ಯಾವ ಎದುರಾಳಿಗಿಂತಲೂ ಜಾಸ್ತಿ ಅಂಕ ಪಡೆಯಲು ಸಾಧ್ಯವೇ ಇಲ್ಲ. ಆದರೆ ತನ್ನಂಥವನೇ ಸಿಕ್ಕರೆ ಇಬ್ಬರಿಗೂ 600. ಇಬ್ಬರು ಮೋಸಗಾರರು ಸೇರಿದರೆ ತಲಾ 200ಕ್ಕೇ ಮುಗಿಯಿತು. ಒಂದು ಜಗಳವನ್ನೂ ಗೆಲ್ಲದೆ, ಇಡೀ ಪಂದ್ಯ ಗೆಲ್ಲುವುದು ಹೀಗೆ.

ಈ ಲೆಕ್ಕ ಕಂಪ್ಯೂಟರಿನ ಹೊರಗೂ ಕಾಣುತ್ತದೆ. ರಕ್ತ ಹೀರುವ ಬಾವಲಿ ಎರಡು ಮೂರು ರಾತ್ರಿ ಹಸಿದರೆ ಸತ್ತೇ ಹೋಗುತ್ತದೆ. ಹೊಟ್ಟೆ ತುಂಬಿದ ಜೊತೆಗಾರ ತಾನು ಕುಡಿದ ರಕ್ತವನ್ನು ಕಕ್ಕಿ ಅದಕ್ಕೆ ಕುಡಿಸುತ್ತದೆ. 1984ರಲ್ಲಿ ಜೀವವಿಜ್ಞಾನಿ ಜೆರಾಲ್ಡ್ ವಿಲ್ಕಿನ್ಸನ್ ಇದನ್ನು ವರದಿ ಮಾಡಿದರು. ಎಂದೋ ತನಗೆ ಕೊಟ್ಟವರಿಗೆ ಅದು ಕೊಡುತ್ತದೆ. ಯಾವ ಗುರುವೂ ಅದಕ್ಕೆ ನೀತಿಪಾಠ ಮಾಡಿಲ್ಲ.

ಇಲ್ಲಿ ಒಂದು ಗುಂಡಿ ಇದೆ. ಪ್ರಪಂಚ ಹೀಗಿದೆ ಎಂಬುದರಿಂದ ಹೀಗೇ ಇರಬೇಕು ಎಂಬುದಕ್ಕೆ ಸುಮ್ನೆ ಹಾರಲಾಗದು ಎಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಎಚ್ಚರಿಸಿದ್ದ. ನಿಜವೇ. ದರೋಡೆಕೋರರ ಗುಂಪಿನೊಳಗೂ ಒಬ್ಬರಿಗೊಬ್ಬರು ಕೈಜೋಡಿಸುತ್ತಾರೆ, ಅಲ್ವಾ? ಆಟದಲ್ಲಿ ಯಾರನ್ನು ಸೇರಿಸಬೇಕು ಎಂಬುದನ್ನು ಅಂಕ ಹೇಳುವುದಿಲ್ಲ. ಅದನ್ನು ನಾವೇ ಜಗಳವಾಡಿ ತೀರ್ಮಾನಿಸಬೇಕು.

ಮುಯ್ಯಿಗೂ ಒಂದು ರೋಗವಿದೆ. ಕೈತಪ್ಪಿ ಒಬ್ಬ ಒಮ್ಮೆ ಕೈಕೊಟ್ಟರೆ ಸಾಕು. ಅವನು ಇವನಿಗೆ, ಇವನು ಅವನಿಗೆ, ಸೇಡು ನಿಲ್ಲುವುದೇ ಇಲ್ಲ. 1992ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಇಂಥ ತಪ್ಪುಗಳನ್ನೂ ಆಟಕ್ಕೆ ಸೇರಿಸಿ ನೋಡಿದರು. ಕೊನೆಗೆ ಮೇಲೆ ಬಂದವನು ಮೋಸ ಕಂಡಾಗ ಸುಮಾರು ಮೂರರಲ್ಲಿ ಒಂದು ಸಲ ಕ್ಷಮಿಸಿಬಿಡುವವನು. ಆ ಮೂರನೇ ಒಂದು ಭಾಗವನ್ನು ಯಾರೂ ಕೂತು ನಿಗದಿ ಮಾಡಿದ್ದಲ್ಲ. 5, 3, 1, 0 ಎಂಬ ಅಂಕಗಳಿಂದಲೇ ಅದು ಬಂತು. ಅಂಕ ಬದಲಾಯಿಸಿ, ಕ್ಷಮೆಯ ಪ್ರಮಾಣವೂ ಬದಲಾಗುತ್ತದೆ.