ಹೈಪರ್‌ಇನ್‌ಫೆಕ್ಷನ್: ಸ್ಟೀರಾಯ್ಡ್ ಶುರುವಾದ ಮೇಲೆ ಏಳುವ ಹಳೆಯ ಹುಳು

ಬ್ಲಡ್ ಕ್ಯಾನ್ಸರ್ ಇರುವವರಿಗೆ ಸೋಂಕು ಬೇಗ ತಗಲುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ನೋಡಲು ಬಂದವರು ಮಾಸ್ಕ್ ಹಾಕುತ್ತಾರೆ, ಮನೆಯವರು ನೀರು ಕುದಿಸಿ ಕೊಡುತ್ತಾರೆ. ಇದೆಲ್ಲ ಹೊರಗಿಂದ ಬರುವ ಸೋಂಕಿಗೆ. ಮೂವತ್ತು ವರ್ಷದ ಹಿಂದೆಯೇ ಒಳಗೆ ಸೇರಿ, ಇಷ್ಟು ದಿನ ತಂಟೆ ಮಾಡದೆ ಇದ್ದ ಹುಳು ಚಿಕಿತ್ಸೆ ಶುರುವಾದ ಮೇಲೆ ಮಿತಿಮೀರಿ ಹೆಚ್ಚಿದರೆ? ಅದಕ್ಕೆ ಡಾಕ್ಟರುಗಳು ಹೇಳುವುದು ಹೈಪರ್‌ಇನ್‌ಫೆಕ್ಷನ್ ಅಂತ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟ, ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರು ಈ ಪದವನ್ನು ತಿಳಿದಿದ್ದರೆ ಒಳ್ಳೆಯದು.

ಹುಳುವಿನ ಹೆಸರು ಸ್ಟ್ರಾಂಗಿಲಾಯ್ಡಿಸ್. 1876ರಲ್ಲಿ ಲೂಯಿ ನೋರ್ಮಾ ಎಂಬ ಫ್ರೆಂಚ್ ವೈದ್ಯ ಇದನ್ನು ಮೊದಲು ಕಂಡದ್ದು, ಈಗಿನ ವಿಯೆಟ್ನಾಂ ಕಡೆಯಿಂದ ಭೇದಿ ಹಿಡಿದು ಮರಳಿದ ಸೈನಿಕರ ಮಲದಲ್ಲಿ. ಕರುಳಲ್ಲಿರುವ ಹೆಣ್ಣು ಹುಳು ಸುಮಾರು 2 ಮಿಲಿಮೀಟರ್ ಉದ್ದ, ಕೂದಲೆಳೆಗಿಂತ ಸಣ್ಣ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತದೆ. ಮರಿಗೆ ಬೇಕಾದ್ದು ಬೆಚ್ಚನೆಯ ತೇವದ ಮಣ್ಣು, ನೆರಳು, ಅದರಲ್ಲಿ ಬೆರೆತ ಮನುಷ್ಯರ ಮಲ. ಮೊದಲೆಲ್ಲ ತೋಟದ ಕೂಲಿಯವರ ಸಾಲು ಮನೆಗಳಲ್ಲಿ, ಅಂದರೆ ಲೈನ್‌ಮನೆಗಳಲ್ಲಿ, ಶೌಚಾಲಯ ಎಲ್ಲಿತ್ತು? ಕಾಲಿಗೆ ಉಂಬಳ ಹತ್ತಿದರೆ ಕಿತ್ತು ಎಸೆಯುತ್ತೀರಿ. ಇದು ಚರ್ಮ ಕೊರೆದು ಒಳಹೋದದ್ದು ಗೊತ್ತೇ ಆಗಲ್ಲ. ರಕ್ತದಲ್ಲಿ ಸಾಗಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ. ಉಗುಳಿನ ಜೊತೆ ನುಂಗಿದರೆ ಸಣ್ಣ ಕರುಳಿಗೆ.

ಇಷ್ಟರವರೆಗೆ ಕೊಕ್ಕೆಹುಳುವಿನದ್ದೂ ಇದೇ ದಾರಿ. ಮುಂದೆ ಬೇರೆ. ಕೊಕ್ಕೆಹುಳುವಿನ ಮೊಟ್ಟೆ ಹೊರಗೆ ಹೋಗಿ ಮಣ್ಣಲ್ಲೇ ಬೆಳೆಯಬೇಕು. ಹಾಗಾಗಿ ಗಂಬೂಟು, ಚಪ್ಪಲಿ ಹಾಕಿ ನಡೆದರೆ ಹೊಸದು ಬರುವುದಿಲ್ಲ, ಹಳೆಯದು ಕೆಲವು ವರ್ಷಕ್ಕೆ ಸಾಯುತ್ತದೆ. ಸ್ಟ್ರಾಂಗಿಲಾಯ್ಡಿಸ್ ಮೊಟ್ಟೆ ಕರುಳಲ್ಲೇ ಒಡೆಯುತ್ತದೆ. ಕೆಲವು ಮರಿಗಳು ಅಲ್ಲೇ ಬಲಿತು, ಕರುಳಿನ ಗೋಡೆಯನ್ನೋ ಗುದದ ಸುತ್ತಲ ಚರ್ಮವನ್ನೋ ಕೊರೆದು ಅದೇ ಮನುಷ್ಯನ ಒಳಗೆ ಮತ್ತೆ ಸೇರುತ್ತವೆ. ಮಣ್ಣಿನ ಸಹವಾಸವೇ ಬೇಕಿಲ್ಲ! ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್–ಬರ್ಮಾ ರೈಲುಹಾದಿಯಲ್ಲಿ ದುಡಿದ ಯುದ್ಧಕೈದಿಗಳಲ್ಲಿ 40 ವರ್ಷ ಕಳೆದ ಮೇಲೂ ಈ ಹುಳು ಸಿಕ್ಕಿದೆ.

ಆರೋಗ್ಯ ನೆಟ್ಟಗಿದ್ದಾಗ ನಮ್ಮ ರೋಗನಿರೋಧಕ ಶಕ್ತಿ ಇವುಗಳ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಅಬ್ಬಬ್ಬಾ ಅಂದರೆ ಆಗಾಗ ಹೊಟ್ಟೆನೋವು, ತುರಿಕೆ. ಕೆಲವರಿಗೆ ಸೊಂಟ, ತೊಡೆಯ ಮೇಲೆ ಕೆಂಪು ಗೆರೆ ಎದ್ದು ಗಂಟೆಗೆ ಕೆಲವು ಸೆಂಟಿಮೀಟರ್ ಸರಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಇಯೋಸಿನೋಫಿಲ್ ಎಂಬ ಒಂದು ಬಗೆಯ ಬಿಳಿ ರಕ್ತಕಣ ಜಾಸ್ತಿ ಇರಬಹುದು. ಅಲರ್ಜಿ ಇರಬೇಕು ಅಂದುಕೊಂಡು ಎಲ್ಲರೂ ಸುಮ್ನಾಗುತ್ತಾರೆ.

ಈಗ ಕ್ಯಾನ್ಸರಿಗೆ ಬನ್ನಿ. ಎಎಲ್‌ಎಲ್ ಅನ್ನುವ ಲುಕೇಮಿಯಾ, ಲಿಂಫೋಮಾ, ಮೈಲೋಮಾ, ಬ್ಲಡ್ ಕ್ಯಾನ್ಸರಿನ ಈ ಮೂರು ಬಗೆಯಲ್ಲೂ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚಿಕಿತ್ಸೆಯ ಭಾಗ. ಕೆಟ್ಟ ರಕ್ತಕಣಗಳನ್ನು ಕೊಲ್ಲುವ ಒಳ್ಳೆ ಔಷಧಿಗಳೇ. ಆದರೆ ಹುಳುವನ್ನು ತಡೆದಿಟ್ಟಿದ್ದ ಶಕ್ತಿಯೂ ಅದರಿಂದಲೇ ಕುಗ್ಗುತ್ತದೆ. ಮರಿಗಳು ರಾಶಿ ರಾಶಿಯಾಗಿ ಕರುಳನ್ನು ಕೊರೆದು ಶ್ವಾಸಕೋಶಕ್ಕೆ ನುಗ್ಗುತ್ತವೆ. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಹೊತ್ತೊಯ್ಯುತ್ತವೆ. ಜ್ವರ, ಉಬ್ಬಸ, ರಕ್ತ ಬೆರೆತ ಕಫ, ಹೊಟ್ಟೆ ಉಬ್ಬರ, ಕೆಲವೊಮ್ಮೆ ಮೆದುಳಿನ ಪೊರೆಯ ಉರಿಯೂತ.

ಕೀಮೋ ಆದವರಿಗೆ ಜ್ವರ ಬರುವುದು ಮಾಮೂಲಿ, ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ನಾಟುತ್ತದೆ, ಅದನ್ನು ಹೊತ್ತು ತರುವ ಹುಳುವಿಗೆ ಅಲ್ಲ. ಸಾಲದ್ದಕ್ಕೆ ಸ್ಟೀರಾಯ್ಡ್‌ನಿಂದ ಇಯೋಸಿನೋಫಿಲ್ ಇಳಿದಿರುತ್ತದೆ, ಇದ್ದ ಒಂದು ಸುಳಿವೂ ಮಾಯ. ಈ ಹಂತ ಮುಟ್ಟಿದರೆ ಚಿಕಿತ್ಸೆ ಕೊಟ್ಟರೂ ಉಳಿಯುವುದು ಕಷ್ಟ. ಬ್ಲಡ್ ಕ್ಯಾನ್ಸರ್ ರೋಗಿಗಳನ್ನು ಕಾಡುವ ಪರಾವಲಂಬಿ ಜೀವಿಗಳು ಬೇರೆಯೂ ಇವೆ. ಮಕ್ಕಳಿಗೆ ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ, ಅಸ್ಥಿಮಜ್ಜೆ ಕಸಿಯ ನಂತರ ಏಳುವ ಟಾಕ್ಸೊಪ್ಲಾಸ್ಮಾ ಅಂಥವು. ಆದರೆ ಮಲೆನಾಡಿನವರು ಮೊದಲು ಕೇಳಬೇಕಾದ್ದು ಈ ಹುಳುವಿನ ಬಗ್ಗೆ ಅಂತ ನನಗನಿಸುತ್ತದೆ.

‘ಜಂತುಹುಳದ ಮಾತ್ರೆ ನುಂಗಿದ್ದೀವಲ್ಲ’ ಅನ್ನುವವರಿದ್ದಾರೆ. ಶಾಲೆ, ಅಂಗನವಾಡಿಯಲ್ಲಿ ಕೊಡುವುದು ಆಲ್ಬೆಂಡಜೋಲ್. ಒಂದು ಮಾತ್ರೆಗೆ ಈ ಹುಳು ಜಗ್ಗುವುದಿಲ್ಲ. ಇದಕ್ಕೆ ಮುಖ್ಯ ಔಷಧಿ ಐವರ್‌ಮೆಕ್ಟಿನ್. ಹೌದು, ಕೋವಿಡ್ ಸಮಯದಲ್ಲಿ ಕಂಡಕಂಡವರು ನುಂಗಿ ಹೆಸರು ಕೆಡಿಸಿದ ಅದೇ ಮಾತ್ರೆ. ದೇಹದ ತೂಕದ ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ, ಸುಮ್ಮನಿರುವ ಸೋಂಕಿಗೆ ಒಂದೆರಡು ದಿನ ಸಾಕು. ಹೈಪರ್‌ಇನ್‌ಫೆಕ್ಷನ್ ಆದರೆ ಮಲದಲ್ಲಿ ಮರಿ ಕಾಣದಂತಾಗಿ ಎರಡು ವಾರ ಕಳೆಯುವವರೆಗೂ ದಿನಾ ಕೊಡಬೇಕಾಗುತ್ತದೆ. ಡಾಕ್ಟರ್ ಹೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಕೀಮೋ ನಡುವೆಯಂತೂ ಬೇಡವೇ ಬೇಡ.

ಪರೀಕ್ಷೆಯಲ್ಲೂ ಒಂದು ತೊಡಕಿದೆ. ಮರಿಗಳು ದಿನಾ ಮಲದಲ್ಲಿ ಬೀಳುವುದಿಲ್ಲ, ಒಂದು ಸಲ ನೋಡಿ ‘ಇಲ್ಲ’ ಅಂದರೆ ನಂಬುವ ಹಾಗಿಲ್ಲ. ಬೇರೆ ಬೇರೆ ದಿನದ ಮಲ ನೋಡಬೇಕು, ರಕ್ತದಲ್ಲಿ ಆ್ಯಂಟಿಬಾಡಿ ಪರೀಕ್ಷೆಯನ್ನೂ ಮಾಡಬಹುದು. ಇದೆಲ್ಲ ಸ್ಟೀರಾಯ್ಡ್‌ಗೆ ಮೊದಲೇ ಆಗಬೇಕು. ಹಾಸನದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಾಗ ಫೈಲಿನಲ್ಲಿ ಈಗಿನ ವಿಳಾಸ ಇರುತ್ತದೆ, ಬಾಲ್ಯ ಇರುವುದಿಲ್ಲ. ಚಿಕ್ಕಂದಿನಲ್ಲಿ ತೋಟದಲ್ಲಿದ್ದೆ, ಬರಿಗಾಲಲ್ಲಿ ನಾಟಿ ಮಾಡಿದ್ದೇನೆ ಅಂತ ನೀವೇ ಹೇಳಬೇಕು. ಕ್ಯಾನ್ಸರ್ ಜೋರಾಗಿದ್ದು ಸ್ಟೀರಾಯ್ಡ್ ಕೊಡುವುದನ್ನು ತಡಮಾಡುವಂತಿಲ್ಲದಿದ್ದರೆ, ಅಪಾಯ ಇರುವವರಿಗೆ ರಿಪೋರ್ಟ್ ಬರುವ ಮೊದಲೇ ಐವರ್‌ಮೆಕ್ಟಿನ್ ಕೊಟ್ಟುಬಿಡುವ ಪದ್ಧತಿಯೂ ಇದೆ.